ಹಳೆಯ ಜಪಾನಿ ಬೇಸ್ ಗಿಟಾರ್: ನೋಡಿ ಕೊಳ್ಳುವುದು, ಮಳೆಗಾಲದಲ್ಲಿ ಕಾಪಾಡುವುದು

ಹಾಸನದ ಸುತ್ತಮುತ್ತ ರಸಮಂಜರಿ ತಂಡಗಳಲ್ಲಿ ಬೇಸ್ ನುಡಿಸುವ ಹುಡುಗರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. “ಅಣ್ಣ, ಹಳೇ ಜಪಾನ್ ಬೇಸ್ ಒಂದು ಸಿಕ್ಕಿದೆ. ಅಷ್ಟು ದುಡ್ಡು ಕೊಡಬಹುದಾ?” ಕೊಡಬಹುದು. ಆದರೆ ಮೊದಲು ನೆಕ್, ಅಂದರೆ ಬೆರಳು ಒತ್ತುವ ಉದ್ದನೆಯ ಕತ್ತು, ನೋಡಬೇಕು. ಆಮೇಲೆ ಅದರ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್, ಆಮೇಲೆ ಒಳಗಿನ ವೈರಿಂಗ್. ತಲೆಯ ಮೇಲೆ ಬರೆದಿರುವ ಹೆಸರನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ನನ್ನದು ಐಬನೆಜ್ ರೋಡ್‌ಸ್ಟಾರ್ 2. 1983ರ ಆಗಸ್ಟ್‌ನಲ್ಲಿ ತಯಾರಾದದ್ದು. ಬೆಂಗಳೂರಿನ ಹೋಟೆಲ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ನುಡಿಸಿದ ಹಿರಿಯರೊಬ್ಬರಿಂದ ಕೊಂಡೆ. ಮೈತುಂಬ ಗೀರು, ಅಂಚಿನಲ್ಲಿ ಬಣ್ಣ ಹೋಗಿದೆ. ನೆಕ್ ಮಾತ್ರ ಇವತ್ತಿಗೂ ನೇರ. ಗಣಪತಿ ಪೆಂಡಾಲಿನಲ್ಲಿ ಮಧ್ಯರಾತ್ರಿವರೆಗೆ ನುಡಿಸಿದರೂ ಶ್ರುತಿ ಅಲುಗುವುದಿಲ್ಲ. ನಲವತ್ತು ವರ್ಷ ದಾಟಿದ ವಾದ್ಯವೊಂದು ಹೀಗೆ ನಿಂತಿದೆ ಎಂದರೆ ಅದನ್ನು ಮಾಡಿದವರ ಕೈ ದೊಡ್ಡದು. ನನಗೆ ಈ ಬೇಸ್‌ಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಆ ಕೈ ಎಲ್ಲಿಂದ ಬಂತು? ಜಪಾನಿನ ನಾಗಾನೊ ಪ್ರಾಂತ್ಯದಲ್ಲಿ ಮಾತ್ಸುಮೊತೊ ಎಂಬ ಊರಿದೆ. ಬೆಟ್ಟಗಳ ನಡುವಿನ ಊರು, ಮರಗೆಲಸದ ಊರು. ಅಲ್ಲಿನ ಮಾತ್ಸುಮೊಕು ಕಾರ್ಖಾನೆ ಶುರುವಿನಲ್ಲಿ ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿತ್ತು. ಮುಂದೆ ಅವರೇ ಏರಿಯಾ ಪ್ರೊ 2 ಬೇಸ್‌ಗಳನ್ನು ಮಾಡಿದರು. ಡುರಾನ್ ಡುರಾನ್ ತಂಡದ ಜಾನ್ ಟೇಲರ್, ಮೆಟಾಲಿಕಾದ ಕ್ಲಿಫ್ ಬರ್ಟನ್ ಇಬ್ಬರೂ ಏರಿಯಾ ಹಿಡಿದವರು. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಶುರುವಾಯಿತು. ಐಬನೆಜ್ ಹೆಸರು ನಾಗೋಯಾದ ಹೋಶಿನೊ ಕಂಪನಿಯದ್ದು, ಆದರೆ ಆ ಕಾಲದ ಎಷ್ಟೋ ಐಬನೆಜ್‌ಗಳನ್ನು ಮಾಡಿದ್ದು ಈ ಫುಜಿಗೆನ್. ಯಮಾಹಾ ಮತ್ತು ತೊಕಾಯ್ ಬೇರೆ ಊರಿನವು, ಹಮಾಮಾತ್ಸು.

1970ರ ದಶಕದಲ್ಲಿ ಇವರಲ್ಲಿ ಬಹಳ ಜನ ಅಮೆರಿಕದ ಮಾದರಿಗಳ ನಕಲು ಮಾಡುತ್ತಿದ್ದರು. ಅದೇ ಹೊತ್ತಿಗೆ ಅಮೆರಿಕದ ದೊಡ್ಡ ಗಿಟಾರ್ ಕಂಪನಿ ಫೆಂಡರ್‌ನ ಗುಣಮಟ್ಟ ಇಳಿದಿತ್ತು ಎಂದು ವಾದಕರು ಬೇಸರಗೊಂಡಿದ್ದರು. ನಕಲು ಅಸಲಿಗಿಂತ ಚೆನ್ನಾಗಿ ಬರತೊಡಗಿತು. ಕೊನೆಗೆ ಫೆಂಡರ್ 1982ರಲ್ಲಿ ಕಾಂಡಾ ಶೋಕಾಯ್, ಯಮಾನೊ ಗಕ್ಕಿ ಎಂಬ ಇಬ್ಬರು ಜಪಾನಿ ವ್ಯಾಪಾರಿಗಳ ಜೊತೆ ಸೇರಿ ಫೆಂಡರ್ ಜಪಾನ್ ಕಟ್ಟಿತು. ತಯಾರಿಸುವ ಕೆಲಸ ಫುಜಿಗೆನ್‌ಗೆ ಹೋಯಿತು. 1985ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಕೈ ಬದಲಾಯಿಸಿದಾಗ ಹಳೆಯ ಕಾರ್ಖಾನೆ ಹೊಸ ಮಾಲೀಕರಿಗೆ ಸಿಗಲಿಲ್ಲ. ಸ್ವಲ್ಪ ಕಾಲ ಫೆಂಡರ್ ಹೆಸರನ್ನು ಉಳಿಸಿದ್ದು ಹೆಚ್ಚಾಗಿ ಜಪಾನಿನ ಗಿಟಾರ್‌ಗಳೇ. ಅದೇ ವರ್ಷದಿಂದ ಯೆನ್ ಬೆಲೆ ಏರಿತು. ಅಗ್ಗದ ಮಾದರಿಗಳ ತಯಾರಿಕೆ ಕೊರಿಯಾಕ್ಕೆ ಜಾರಿತು. 1987ರಲ್ಲಿ ಮಾತ್ಸುಮೊಕು ಬಾಗಿಲು ಹಾಕಿತು. ಸಂಗ್ರಹ ಮಾಡುವವರು 1970ರ ದಶಕದ ಕೊನೆಯಿಂದ 1980ರ ದಶಕದ ನಡುವಿನವರೆಗಿನ ಬೇಸ್‌ಗಳ ಹಿಂದೆ ಬೀಳುವುದು ಇದಕ್ಕೇ.

ಮಾರುವವರು “ಲಾಸೂಟ್ ಬೇಸ್”, ಅಂದರೆ ಮೊಕದ್ದಮೆಯ ಬೇಸ್, ಎಂದು ಬರೆದು ಬೆಲೆ ಏರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಆಗಿನ ಒಡೆಯರಾದ ನಾರ್ಲಿನ್ 1977ರಲ್ಲಿ ಐಬನೆಜ್‌ನ ಅಮೆರಿಕದ ಕಂಪನಿ ಎಲ್ಗರ್ ಮೇಲೆ ಮೊಕದ್ದಮೆ ಹಾಕಿದ್ದು ನಿಜ. ಜಗಳ ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ಅದು ಕೋರ್ಟಿನ ಹೊರಗೆ ರಾಜಿಯಾಯಿತು. ಫೆಂಡರ್ ಆಕಾರದ ಯಾವುದೋ ಜಪಾನಿ ಬೇಸ್‌ಗೂ ಆ ಮೊಕದ್ದಮೆಗೂ ಸಂಬಂಧವೇ ಇಲ್ಲ.

ಈಗ ನೋಡುವ ಕೆಲಸ. ಹೋಗುವಾಗ ಜೇಬಿನಲ್ಲಿ ಒಂದು ಟಾರ್ಚ್, ಮಲ್ಟಿಮೀಟರ್, ಒಂದು ಗಿಟಾರ್ ಕೇಬಲ್, ಒಂದು ಫೀಲರ್ ಗೇಜ್ ಇರಲಿ. ಫೀಲರ್ ಗೇಜ್ ಸಂಗೀತದ ಅಂಗಡಿಯಲ್ಲಿ ಹುಡುಕಬೇಡಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿಮಾಡಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ.

ಬೇಸ್ ಕೈಗೆ ಬಂದ ಕೂಡಲೇ ಆಂಪ್‌ಗೆ ಹಾಕಬೇಡಿ. ಶ್ರುತಿ ಮಾಡಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ ಒತ್ತಿ. ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ. ಈಗ ತಂತಿ ಒಂದು ನೇರ ಗೆರೆ. ಏಳು, ಎಂಟನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ಎಂದು ಗೇಜ್ ತೂರಿಸಿ ನೋಡಿ. 0.3 ಮಿಲಿಮೀಟರ್ ಹತ್ತಿರ ಇದ್ದರೆ ಚೆನ್ನ. ಒಂದು ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನೆಕ್ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರಬಹುದು. ಬಾಗಿದ ಮಾತ್ರಕ್ಕೆ ಬಿಟ್ಟು ಬರಬೇಡಿ. ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ಇರುವುದೇ ಇದಕ್ಕೆ. ರಾಡ್ ಇನ್ನೂ ತಿರುಗುತ್ತದೆಯೇ ಎನ್ನುವುದು ಮುಖ್ಯ. ಪೂರ್ತಿ ಬಿಗಿದು ನಿಂತಿದ್ದು, ನೆಕ್ ಇನ್ನೂ ಮುಂದಕ್ಕೇ ಬಾಗಿದ್ದರೆ ಆ ಬೇಸ್ ಬೇಡ.

ಒಂದು ತೊಡಕಿದೆ. ಫೆಂಡರ್ ಜಪಾನಿನ ಹಳೆಯ ಮಾದರಿಯ ಬೇಸ್‌ಗಳಲ್ಲಿ ರಾಡ್ ತಿರುಗಿಸುವ ಜಾಗ ನೆಕ್‌ನ ಬುಡದಲ್ಲಿರುತ್ತದೆ. ತಂತಿ ಸಡಿಲಿಸಿ, ನೆಕ್ ಬಿಚ್ಚಿದರೆ ಮಾತ್ರ ಕೈಗೆ ಸಿಗುತ್ತದೆ. ಮಾರುವವರು ಒಪ್ಪಿದರೆ ಅವರ ಎದುರಿಗೇ ಬಿಚ್ಚಿ. ಸ್ಕ್ರೂ ತಲೆ ಸವೆದಿದೆಯೇ ನೋಡಿ. ತಿರುಗಿಸುವಾಗ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ಬೇಡ. ಬಲಕ್ಕೆ ತಿರುಗಿಸಿದರೆ ಬಿಗಿ, ನೆಕ್ ನೇರವಾಗುತ್ತದೆ.

ಆಮೇಲೆ ತಿರುಚು. ಬೇಸ್‌ನ ತಲೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಾಡಿಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಕಡೆಗೆ ನೋಡಿ. ಇ ತಂತಿಯ ಅಂಚು, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯ ಅಂಚು ಎರಡೂ ಒಂದೇ ತರಹ ಸಾಗಬೇಕು. ಒಂದು ನೇರ, ಇನ್ನೊಂದು ಬಾಗಿದ್ದರೆ ನೆಕ್ ತಿರುಚಿದೆ. ತಿರುಚಿದ ನೆಕ್‌ಗೆ ರಾಡ್‌ನಿಂದ ಔಷಧಿ ಇಲ್ಲ. ಎಂಥ ಹೆಸರಿದ್ದರೂ, ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಅದನ್ನು ಕೊಳ್ಳುವುದಿಲ್ಲ.

ಇಷ್ಟಾದ ಮೇಲೆ ಒಂದೊಂದು ತಂತಿಯಲ್ಲೂ ಒಂದೊಂದು ಫ್ರೆಟ್ ನುಡಿಸಿ. ಆಂಪ್ ಇಲ್ಲದೆ. ಎಲ್ಲಿ ಝರ್ ಎನ್ನುತ್ತದೆ, ಎಲ್ಲಿ ನಾದ ಬೇಗ ಸಾಯುತ್ತದೆ ಎಂದು ಕಿವಿಗೊಡಿ. ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ ನಡುವೆ ಒಂದು ಸ್ವರ ಬೇಗ ಅಡಗಿದರೆ ಗಾಬರಿ ಬೇಡ. ಫೆಂಡರ್ ಮಾದರಿಯ ನೆಕ್‌ಗಳಲ್ಲಿ, ಎಲ್ಲೇ ತಯಾರಾಗಿರಲಿ, ಇದು ಸಾಮಾನ್ಯ. ಫ್ರೆಟ್ ಸವೆದು ಚಪ್ಪಟೆಯಾಗಿದ್ದರೆ ಮಾತ್ರ ಬೆಲೆ ಇಳಿಸಲು ಕೇಳಿ. ಹೊಸ ಫ್ರೆಟ್ ಹಾಕಿಸಲು ನಾನಂತೂ ಬೆಂಗಳೂರಿಗೇ ಕಳಿಸುತ್ತೇನೆ. ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ನೋಡುವುದು ಸುಲಭ. ಜ್ಯಾಕ್‌ಗೆ ಕೇಬಲ್ ಹಾಕಿ, ಇನ್ನೊಂದು ತುದಿಯ ಪ್ಲಗ್‌ಗೆ ಮಲ್ಟಿಮೀಟರ್ ಹಿಡಿಯಿರಿ. ವಾಲ್ಯೂಮ್ ಪೂರ್ತಿ ಇರಲಿ. ಫೆಂಡರ್‌ನ ಪ್ರಿಸಿಶನ್ ಬೇಸ್ ಮಾದರಿಯಲ್ಲಿ 10 ಕಿಲೋ ಓಮ್ ಆಚೀಚೆ ತೋರಿಸುತ್ತದೆ. ಎರಡು ಪಿಕಪ್ ಇರುವ ಅದರ ಜಾಝ್ ಬೇಸ್ ಮಾದರಿಯಲ್ಲಿ ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ ಮಾಡಿ ಅಳೆದರೆ 7ರಿಂದ 8. ಏನೂ ತೋರಿಸದಿದ್ದರೆ ಪಿಕಪ್ ಸತ್ತಿರಬಹುದು ಅಥವಾ ವೈರ್ ಕಿತ್ತಿರಬಹುದು. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಆಕ್ಟಿವ್ ಬೇಸ್ ಆದರೆ ಈ ಅಳತೆ ನಡೆಯುವುದಿಲ್ಲ. ನುಡಿಸಿಯೇ ನೋಡಬೇಕು. ಅದರ ಹಳೆಯ ಸರ್ಕ್ಯೂಟ್ ಕೆಟ್ಟರೆ ಅದೇ ಭಾಗ ಹುಡುಕುವುದು ಕಷ್ಟ. ಮೊದಲ ಜಪಾನಿ ಬೇಸ್ ಕೊಳ್ಳುವವರಿಗೆ ನನ್ನ ಸಲಹೆ ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್.

ನಾಬ್, ಸ್ಕ್ರೂ, ನಾಬ್ ಕೆಳಗೆ ತಿರುಗುವ ಪಾಟ್ ಇವನ್ನು ಬದಲಿಸುವ ಮೊದಲು ಅಳತೆ ನೋಡಿ. ಜಪಾನಿನವು ಮಿಲಿಮೀಟರ್ ಲೆಕ್ಕ, ಅಮೆರಿಕದವು ಇಂಚಿನ ಲೆಕ್ಕ. ಒಂದರ ನಾಬ್ ಇನ್ನೊಂದಕ್ಕೆ ಕೂರುವುದಿಲ್ಲ. ಬಿಚ್ಚಿದ ಒಂದು ಸ್ಕ್ರೂ ಕೂಡ ಬಿಸಾಡಬೇಡಿ. ಮುಂದೆ ಮಾರುವಾಗ ಮೂಲ ಭಾಗಗಳಿಗೆ ಬೆಲೆ ಇದೆ.

ಸೀರಿಯಲ್ ನಂಬರ್‌ಗೆ ಈಗ ಬನ್ನಿ. ಹಳೆಯ ಐಬನೆಜ್‌ನದು ಓದಲು ತುಂಬಾ ಸುಲಭ. 1975ರಿಂದ 1986ರವರೆಗೆ ಮೊದಲ ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ನನ್ನದರ ಮೇಲೆ ಎಚ್83 ಎಂದಿದೆ. ಫೆಂಡರ್ ಜಪಾನಿನ ಮೊದಲ ಬೇಸ್‌ಗಳಿಗೆ ಜೆವಿ ಎಂದು ಶುರುವಾಗುವ ನಂಬರ್, 1982ರಿಂದ 1984. ಸಂಗ್ರಹಕಾರರು ಮುಗಿಬೀಳುವುದು ಇದಕ್ಕೆ. ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್ ಹೆಸರಿನಲ್ಲೂ ಜೆವಿ ಇದೆ, ಅದೇ ಫುಜಿಗೆನ್‌ನ ಕೆಲಸ. ನೆಕ್‌ಗೆ ನಾಲ್ಕು ಸ್ಕ್ರೂ ಅಷ್ಟೇ, ಅದಲು ಬದಲು ಮಾಡುವುದು ಸುಲಭ. ಆದ್ದರಿಂದ ಜೆವಿ ಬೆಲೆ ಕೇಳಿದರೆ ನೆಕ್ ಬುಡದ ಮುದ್ರೆ, ನೆಕ್ ಕೂರುವ ಗುಂಡಿ, ಪಿಕಪ್ ತಳ ಎಲ್ಲದರ ಫೋಟೋ ಕೇಳಿ.

ನುಡಿಸಲೆಂದೇ ಕೊಳ್ಳುವುದಾದರೆ ಜೆವಿ ಹಿಂದೆ ಹೋಗಬೇಡಿ. ಯಮಾಹಾ ಬಿಬಿ ಸರಣಿ ನೋಡಿ. 1970ರ ದಶಕದ ಕೊನೆಯಲ್ಲಿ ಶುರುವಾದ ಸರಣಿ. ಪಾಲ್ ಮ್ಯಾಕಾರ್ಟ್ನಿ, ಪೀಟರ್ ಹುಕ್ ಇಬ್ಬರೂ ಬಿಬಿ1200 ನುಡಿಸಿದವರು. ಅದು ಯಾರ ನಕಲೂ ಅಲ್ಲ. ಮೇಲಿನ ಮಾದರಿಗಳಲ್ಲಿ ನೆಕ್ ಬಾಡಿಯ ಉದ್ದಕ್ಕೂ ಒಂದೇ ಸಾಲಾಗಿ ಹಾದುಹೋಗುತ್ತದೆ. ನಾದ ತಡವಾಗಿ ಆರುತ್ತದೆ. ತೂಕ ಜಾಸ್ತಿ, ಅಗಲದ ಪಟ್ಟಿ ಕೊಳ್ಳಿ. 1990ರ ದಶಕದ ಫೆಂಡರ್ ಜಪಾನ್ ಕೂಡ ನಂಬಿಕಸ್ತ ವಾದ್ಯ, ಬೆಲೆಯೂ ಜೆವಿಯಷ್ಟಿಲ್ಲ.

ಜಪಾನಿನಿಂದಲೇ ತರಿಸುವುದಾದರೆ ಅಲ್ಲಿನ ಹರಾಜು ಪುಟಗಳಲ್ಲಿ ಕೆಲವು ಮಾತು ಗುರುತಿಟ್ಟುಕೊಳ್ಳಿ. ಜುನ್‌ಜೊರಿ ಎಂದರೆ ನೆಕ್ ಮುಂದಕ್ಕೆ ಬಾಗಿದೆ. ಗ್ಯಾಕುಜೊರಿ ಎಂದರೆ ಹಿಂದಕ್ಕೆ. ನೆಜಿರೆ ಎಂದರೆ ತಿರುಚಿದೆ, ಅಲ್ಲಿಗೆ ಪುಟ ಮುಚ್ಚಿ. ಜಂಕ್ ಎಂದು ಬರೆದಿದ್ದರೆ ಮಾರಿದವರು ಯಾವ ಜವಾಬ್ದಾರಿಯೂ ಹೊರುವುದಿಲ್ಲ. ಸಾಗಿಸುವ ಮೊದಲು ತಂತಿಯನ್ನು ಸ್ವಲ್ಪ ಸಡಿಲಿಸಲು ಹೇಳಿ. ಕಸ್ಟಮ್ಸ್ ಸುಂಕ ವಾದ್ಯದ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಅದರ ಮೇಲೆ ಐಜಿಎಸ್‌ಟಿ. ಇದನ್ನೆಲ್ಲ ಕೂಡಿಸಿ ಆಮೇಲೆ ಹರಾಜು ಕೂಗಿ. ಜೊತೆಗೆ ಅಲ್ಲಿನ ಆಂಪ್ ತರಿಸುವ ಆಸೆ ಬೇಡ. ಅದು 100 ವೋಲ್ಟ್‌ನದು, ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ತಂದ ಮೇಲಿನ ಕೆಲಸ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಜಾಸ್ತಿ. ಏಪ್ರಿಲ್‌ನಲ್ಲಿ ಅರಸೀಕೆರೆಯ ಜಾತ್ರೆಯಲ್ಲಿ ನುಡಿಸುತ್ತೇವೆ, ಗಾಳಿ ಒಣ. ಅದೇ ಬೇಸ್ ಜುಲೈಯಲ್ಲಿ ಸಕಲೇಶಪುರದ ಮದುವೆ ಮನೆಗೆ ಹೋಗುತ್ತದೆ, ಅಲ್ಲಿ ಗೋಡೆಯೇ ಬೆವರುತ್ತಿರುತ್ತದೆ. ಮರ ನೀರು ಕುಡಿಯುತ್ತದೆ, ಬಿಡುತ್ತದೆ. ನೆಕ್ ಅದಕ್ಕೆ ತಕ್ಕಂತೆ ಅಲುಗುತ್ತದೆ. ನಾನು ಮೃಗಶಿರ ಮಳೆ ಹಿಡಿದ ಮೇಲೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಸಂದು ಅಳೆದು ರಾಡ್ ಸರಿಮಾಡುತ್ತೇನೆ. ಆಮೇಲೆ 12ನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ ನೋಡುತ್ತೇನೆ. ಜಿ ತಂತಿ 2 ಮಿಲಿಮೀಟರ್, ಇ ತಂತಿ 2.5. ಈ ಕ್ರಮ ತಪ್ಪಿಸಬೇಡಿ. ಮೊದಲು ರಾಡ್, ಆಮೇಲೆ ಎತ್ತರ, ಕೊನೆಗೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದೆ ಮುಂದೆ ಮಾಡಿ 12ನೆಯ ಫ್ರೆಟ್ ಶ್ರುತಿ.

ಮಳೆಗಾಲದಲ್ಲಿ ಬೇಸ್ ಗೋಡೆಗೆ ಒರಗಿ ನಿಲ್ಲಬಾರದು. ಗಟ್ಟಿ ಕೇಸಿನಲ್ಲಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವ ತೋರಿಸುವ ಚಿಕ್ಕ ಮೀಟರ್ ಇರಲಿ. ಕಾಫಿ ಬೆಳೆಗಾರರಿಗೆ ತೇವದ ಮೀಟರ್ ಹೊಸದೇನಲ್ಲ, ಅಲ್ವಾ? ಕೇಸಿನೊಳಗೆ ಶೇಕಡಾ 45ರಿಂದ 55 ಇದ್ದರೆ ಮರ ಸುಖವಾಗಿರುತ್ತದೆ. ಜೆಲ್ ತೇವ ಹೀರಿ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಒಲೆ ಪಕ್ಕದ ಅಟ್ಟದ ಮೇಲೆ ಬೇಸ್ ಇಡುವವರಿದ್ದಾರೆ. ಬೇಡ, ಹೊಗೆಯೂ ಬಿಸಿಯೂ ಎರಡೂ ಕೆಟ್ಟದ್ದು.

ಫ್ರೆಟ್‌ಬೋರ್ಡ್ ರೋಸ್‌ವುಡ್ ಆಗಿದ್ದರೆ ಅದು ನಮ್ಮ ಬೀಟೆ ಮರದ್ದೇ ಆಗಿರುವ ಸಾಧ್ಯತೆ ಇದೆ. ಲೋಕದ ಎಷ್ಟೋ ಗಿಟಾರ್‌ಗಳಿಗೆ ಹೋಗುವುದು ಬೀಟೆಯೇ. ಮೂಡಿಗೆರೆ ಕಡೆ ತೋಟದ ನೆರಳಿಗೆ ನಿಂತ ಮರ ಹಮಾಮಾತ್ಸುವಿನ ವಾದ್ಯದಲ್ಲೂ ಇರಬಹುದು ಎಂದು ನೆನೆದರೆ ನನಗೆ ಖುಷಿಯಾಗುತ್ತದೆ. ವರ್ಷಕ್ಕೆ ಒಂದೆರಡು ಸಲ, ತಂತಿ ಬದಲಿಸುವಾಗ, ನಿಂಬೆ ಎಣ್ಣೆ ಎರಡು ಹನಿ ಬಟ್ಟೆಗೆ ಹಾಕಿ ಒರೆಸಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅಂಟಾಗಿ ನಾತ ಬರುತ್ತದೆ. ಮೇಪಲ್ ಬೋರ್ಡಿನ ಮೇಲೆ ಹೊಳಪಿನ ಲೇಪ ಇರುತ್ತದೆ, ಅದಕ್ಕೆ ಎಣ್ಣೆಯೇ ಬೇಡ.

ತಂತಿಗೆ ನಿಕಲ್, 45ರಿಂದ 105ರ ದಪ್ಪದ ಸೆಟ್ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕ). ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿದರೆ ನೆಕ್ ಮೇಲಿನ ಎಳೆತ ಒಮ್ಮೆಲೇ ಬಿಡುವುದಿಲ್ಲ. ನುಡಿಸಿ ಮುಗಿದ ಮೇಲೆ ಬೆವರು ಒರೆಸಿಯೇ ಕೇಸ್ ಮುಚ್ಚಿ. ಬಿಚ್ಚಿದ ತಂತಿಗಳಲ್ಲಿ ತುಕ್ಕು ಹಿಡಿಯದ ಒಂದು ಸೆಟ್ ಕೇಸಿನ ಒಳಗೇ ಇಟ್ಟಿರಿ. ಬೇಲೂರಿನಲ್ಲೋ ಕೊಪ್ಪದಲ್ಲೋ ರಾತ್ರಿ ಹತ್ತು ಗಂಟೆಗೆ ತಂತಿ ಕಿತ್ತರೆ ತೆರೆದ ಅಂಗಡಿ ಸಿಗುವುದಿಲ್ಲ.