ಮುಸುಕಿನ ಜೋಳದ ಲೆಕ್ಕದಲ್ಲಿ ನಡೆದ ಬೈಬಲ್ ಪಾಠ

ಬೈಬಲ್ ಕಲಿಸಲೆಂದು ಆಫ್ರಿಕಾದ ಮಲಾವಿಗೆ ಹೊರಡುವ ಮೊದಲೇ ನಾನೂ ನನ್ನ ಹೆಂಡತಿಯೂ ಒಂದು ಮಾತು ಮಾಡಿಕೊಂಡಿದ್ದೆವು. ನಾವು ವಾಪಸು ಬಂದ ಮೇಲೆ ಅಲ್ಲಿಯವರು ತಮ್ಮದೇ ಖರ್ಚಿನಲ್ಲಿ, ತಮ್ಮದೇ ಭಾಷೆಯಲ್ಲಿ ನಡೆಸಿಕೊಂಡು ಹೋಗಲಾಗದ ಯಾವುದನ್ನೂ ಶುರುಮಾಡಬಾರದು. ಪ್ರೊಜೆಕ್ಟರ್ ಬೇಡ, ಕಟ್ಟಡ ಬೇಡ, ಬೆಂಗಳೂರಿನ ಕಾಣಿಕೆ ನಿಂತ ದಿನವೇ ಮುಚ್ಚಿಹೋಗುವ ಕೆಲಸ ಬೇಡವೇ ಬೇಡ. ಇದೇನು ನಮ್ಮ ಸ್ವಂತ ಜಾಣತನವಲ್ಲ. ಮಿಷನರಿಗಳು ಊರು ಬಿಟ್ಟ ಮೇಲೆ ಯಾವುದು ಉಳಿಯುತ್ತದೆ ಅನ್ನುವುದು ಬೆಂಗಳೂರಿನಲ್ಲಿ ಬೆಳೆದವನ ಕಣ್ಣೆದುರೇ ಇದೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದಲ್ಲಿ, ಹಡ್ಸನ್ ಸರ್ಕಲಿನ ದೇವಾಲಯದಲ್ಲಿ ಇವತ್ತಿಗೂ ಆರಾಧನೆ ನಡೆಯುತ್ತಿದ್ದರೆ, ಕನ್ನಡದಲ್ಲಿ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಮಾಡುವವರು ಇಲ್ಲಿಯ ಮನೆಗಳಿಂದಲೇ ಎದ್ದುಬಂದದ್ದರಿಂದ.

ನಾವಿದ್ದದ್ದು ದೇಶದ ದಕ್ಷಿಣಕ್ಕಿರುವ ಜೊಂಬಾದಲ್ಲಿ, ಬೆಟ್ಟದ ಬುಡದ ಊರು. ನಮ್ಮನ್ನು ಕರೆಸಿಕೊಂಡದ್ದು ಸ್ಕಾಟ್ಲೆಂಡಿನವರ ಮಿಷನ್‌ನಿಂದ ಬೆಳೆದ, 1924ರಲ್ಲಿ ಒಂದಾದ ಮಧ್ಯ ಆಫ್ರಿಕಾದ ಪ್ರೆಸ್ಬಿಟೇರಿಯನ್ ಸಭೆ, ಅಂದರೆ ಚರ್ಚು. ಅಲ್ಲಿ ಒಬ್ಬ ಸಭಾಪಾಲಕರ, ಅಂದರೆ ಪಾದ್ರಿಯ, ಕೆಳಗೆ ಹಲವು ಹಳ್ಳಿಗಳ ಪ್ರಾರ್ಥನಾಲಯಗಳು. ಅವರು ಒಂದು ಹಳ್ಳಿಗೆ ಮತ್ತೆ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಆ ಭಾನುವಾರಗಳನ್ನೆಲ್ಲ ನಡೆಸುವವರು ಹಿರಿಯರು, ಅಂದರೆ ಜೋಳ ಬೆಳೆಯುವ ರೈತರು, ಪ್ರಾಥಮಿಕ ಶಾಲೆಯ ಮೇಷ್ಟ್ರು, ಸಂತೆಯಲ್ಲಿ ಒಣಮೀನು ಮಾರುವವರು. ಸಾವಿನ ಮನೆಗೆ ಮೊದಲು ಹೋಗುವವರೂ ಅವರೇ. ಹಾಗಾಗಿ ನಾವು ತರಬೇತಿ ಕೊಡಬೇಕಾದದ್ದು ಅವರಿಗೇ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅವರನ್ನು ಹೊಲ ಬಿಡಿಸಿ ಸೆಮಿನರಿಗೆ ಕೂಡಿಹಾಕಲಾಗದು. ಓದುವವರು ಊರಲ್ಲೇ ಇರಲಿ, ಪಾಠ ಅವರಲ್ಲಿಗೆ ಹೋಗಲಿ ಅನ್ನುವ ಪದ್ಧತಿ 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾದದ್ದು. ಬೆಂಗಳೂರಿನ ಟಾಫ್ಟಿ ಸಂಸ್ಥೆ 1971ರಿಂದ ಹಾಗೆಯೇ ಕಲಿಸುತ್ತಿದೆ. ನಾನು ಬ್ಯಾಂಕಿನ ಕೆಲಸದ ಜೊತೆಗೆ ವೇದಶಾಸ್ತ್ರ ಓದಿದ್ದೂ ಈ ದಾರಿಯಲ್ಲೇ. ಮನೆಯಲ್ಲಿ ಪಾಠಪುಸ್ತಕ ತುಂಬಿಸುವುದು, ಗುಂಪಾಗಿ ಕೂತು ಚರ್ಚಿಸುವುದು, ಕಲಿತದ್ದನ್ನು ಬರುವ ಭಾನುವಾರವೇ ಸಭೆಯಲ್ಲಿ ಬಳಸುವುದು. ವೇಳಾಪಟ್ಟಿಯನ್ನು ಮಾತ್ರ ನಾವು ಮುಸುಕಿನ ಜೋಳದ ಕೈಗೆ ಕೊಟ್ಟೆವು. ನವೆಂಬರಿನಲ್ಲಿ ಮಳೆ ಬಿದ್ದರೆ ಎಲ್ಲರೂ ಹೊಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಹಳೆಯ ದಾಸ್ತಾನು ಮುಗಿದು ಹೊಸ ಬೆಳೆ ಬಾರದ ಹಸಿವಿನ ಕಾಲ, ಹೊಟ್ಟೆಗಿಲ್ಲದವನಿಗೆ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆ ಕಲಿಸುವುದು ಕ್ರೌರ್ಯ. ಏಪ್ರಿಲ್, ಮೇ ಕೊಯ್ಲು. ಹೀಗೆ ಗುಂಪು ಪಾಠ ಜೂನ್‌ನಿಂದ ಅಕ್ಟೋಬರ್‌ಗೆ ನಿಂತಿತು.

ದುಡ್ಡಿನ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಮಲಾವಿಯಲ್ಲಿ ಯಾವುದೇ ಸಂಸ್ಥೆಯ ಕಾರ್ಯಾಗಾರಕ್ಕೆ ಹೋದರೂ ಕೂತದ್ದಕ್ಕೆ ಭತ್ಯೆ ಸಿಗುವ ವಾಡಿಕೆ ಇದೆ. ನಾವು ಕೊಡುವುದಿಲ್ಲ ಅಂದೆವು. ಮುಂದಿನ ಸಲಕ್ಕೆ ಗುಂಪು ಅರ್ಧಕ್ಕಿಳಿಯಿತು. ಉಳಿದವರು ತಾವೇ ಒಂದು ದಾರಿ ಮಾಡಿದರು: ಪ್ರತಿಯೊಬ್ಬರೂ ಒಂದೊಂದು ಪೊಟ್ಟಣ ಜೋಳದ ಹಿಟ್ಟು ತರುವುದು, ಸೊಪ್ಪೋ ಅವರೆಯೋ ಆತಿಥೇಯ ಸಭೆಯದ್ದು. ಆ ಹಿಟ್ಟಿನ ನ್ಸೀಮಾ ನಮ್ಮ ಮುದ್ದೆಯ ಬಿಳಿ ತಮ್ಮನ ಹಾಗಿರುತ್ತದೆ. ಬೆಂಗಳೂರಲ್ಲಿ ಮುದ್ದೆ ಅಂದರೆ ಮೂಗು ಮುರಿಯುತ್ತಿದ್ದ ನನ್ನ ಮಗ ಅಲ್ಲಿ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದ!

ಪಾಠದ ನಿಜವಾದ ಪರೀಕ್ಷೆ ಬಂದದ್ದು ಬೈಬಲಿನ ಯೋಬನ ಪುಸ್ತಕ, ಅಂದರೆ ತಪ್ಪಿಲ್ಲದ ಮನುಷ್ಯನೊಬ್ಬ ಸಂಕಟಕ್ಕೆ ಸಿಕ್ಕುವ ಕಥೆ, ಓದುವಾಗ. ಸೈಕಲ್ಲಿನಲ್ಲಿ ದೂರದಿಂದ ಬರುತ್ತಿದ್ದ ಒಬ್ಬ ಹಿರಿಯರು ತಮ್ಮ ಬೈಬಲನ್ನು ಸಕ್ಕರೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಿದ್ದರು. ಆವತ್ತು ಅದನ್ನು ಬಿಚ್ಚಲೇ ಇಲ್ಲ. ಅವರ ಹಳ್ಳಿಯಲ್ಲಿ ಮಗುವೊಂದು ಜ್ವರದಿಂದ ತೀರಿಕೊಂಡಿತ್ತು. ಅದರ ಅಜ್ಜಿಯೇ ಮಾಟ ಮಾಡಿದಳೆಂದು ಮನೆಯವರ ಮಾತು. ಪ್ರಾರ್ಥನಾಲಯದಲ್ಲಿ ಆಕೆಯ ಚಾಪೆಯ ಮೇಲೆ ಯಾರೂ ಕೂರುತ್ತಿಲ್ಲ. ಭಾನುವಾರ ನಾನು ಏನು ಪ್ರಸಂಗ ಮಾಡಲಿ ಅಂತ ಕೇಳಿದರು.

ನಾವು ಒಯ್ದಿದ್ದ ಇಂಗ್ಲಿಷ್ ವ್ಯಾಖ್ಯಾನಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ನಮ್ಮ ಕಲಬುರಗಿ, ಬೀದರ್ ಕಡೆಯ ಬಾನಾಮತಿಯ ಕಥೆ ಹೇಳಿದೆ. ಮಾಟ ಮಾಡಿಸಿದ್ದಾರೆ ಅಂತ ಹೆಂಗಸರನ್ನು ಹೊಡೆದದ್ದು, ಕರ್ನಾಟಕ 2017ರಲ್ಲಿ ಅದಕ್ಕೊಂದು ಕಾನೂನನ್ನೇ ತರಬೇಕಾದದ್ದು. ಭಾರತದಲ್ಲೂ ಹೀಗುಂಟಾ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ಮಾತು ಬಿಚ್ಚಿತು. ಮಾಟ ಸುಳ್ಳು ಅಂತ ಹೇಳಲು ನೀನು ಯಾರು ಅಂತ ಒಬ್ಬರು ನನಗೇ ತಿರುಗಿಬಿದ್ದರು. ಇನ್ನೊಬ್ಬರು, ಮೇಷ್ಟ್ರು, ಯೋಬನ ಗೆಳೆಯರೂ ಇದನ್ನೇ ಮಾಡಿದ್ದಲ್ಲವೇ ಅಂದರು: ಸಂಕಟ ಬಂದಿದೆ, ಹಾಗಾದರೆ ಯಾರದ್ದೋ ತಪ್ಪಿರಲೇಬೇಕು, ಹುಡುಕಿ! ನಾನು ಆಮೇಲೆ ಬಾಯಿ ತೆರೆಯಲಿಲ್ಲ, ತೆರೆಯುವ ಅಗತ್ಯವೂ ಇರಲಿಲ್ಲ. ಮಲಾವಿಯ 1911ರ ಕಾಯ್ದೆಯ ಪ್ರಕಾರ ಒಬ್ಬರನ್ನು ಮಾಟಗಾತಿ ಅನ್ನುವುದೇ ಅಪರಾಧ ಅನ್ನುವುದನ್ನು ಹಳ್ಳಿಯ ಮುಖ್ಯಸ್ಥನಿಗೆ ತಿಳಿಸುವ ಕೆಲಸವನ್ನು ಮೇಷ್ಟ್ರು ವಹಿಸಿಕೊಂಡರು. ಹಿರಿಯರು ತಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ ಆ ಅಜ್ಜಿಯ ಚಾಪೆಯ ಮೇಲೇ ಕೂರುವುದೆಂದಾಯಿತು. ಪ್ರಸಂಗಕ್ಕಿಂತ ಆ ಕೂರುವಿಕೆ ಹೆಚ್ಚು ಕೆಲಸ ಮಾಡಿತು. ಮನೆಯವರು ಪೂರ್ತಿ ಮನಸ್ಸು ಬದಲಿಸಿದರು ಅಂತೇನಲ್ಲ, ಆದರೆ ಅಜ್ಜಿ ಊರು ಬಿಡಬೇಕಾಗಲಿಲ್ಲ.

ಇದರ ಇನ್ನರ್ಧ ನನ್ನ ಹೆಂಡತಿಯದು. ಅವಳು ಓದಿದ್ದು ನರ್ಸಿಂಗ್. ಸಭೆಯ ಹೆಂಗಸರ ಸಂಘಕ್ಕೆ ಅಲ್ಲಿ ಮ್ವಾನೋ ಅನ್ನುತ್ತಾರೆ, ಆ ಹೆಂಗಸರ ಜೊತೆ ಕೂತು ಜ್ವರ ಬಂದ ಮಗುವನ್ನು 24 ಗಂಟೆಯೊಳಗೆ ಮಲೇರಿಯಾ ಪರೀಕ್ಷೆಗೆ ಒಯ್ಯುವ ಮಾತನ್ನು ಪ್ರಾರ್ಥನೆಯ ನಡುವೆಯೇ ಸೇರಿಸಿದಳು. ಗಂಡಸರ ತರಗತಿಗೆ ಭತ್ಯೆಯ ತಕರಾರಿತ್ತು, ಹೆಂಗಸರ ಗುಂಪಿಗೆ ಅದು ಎಂದೂ ಬರಲೇ ಇಲ್ಲ.

ಸಂಸಾರದ ಬಗ್ಗೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಹಾವು, ಮಲೇರಿಯಾದ ಬಗ್ಗೆ. ನನಗೆ ನಿದ್ದೆಗೆಡಿಸಿದ್ದು ಶಾಲೆಯ ಫೀಸು. ಭಾರತದ ಧಾರ್ಮಿಕ ಟ್ರಸ್ಟ್ ತನ್ನ ಹಣವನ್ನು ಹೊರದೇಶದಲ್ಲಿ ಖರ್ಚುಮಾಡಿದರೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇಲ್ಲ. ಆದ್ದರಿಂದ ನಮಗೆ ಬರುತ್ತಿದ್ದದ್ದು ಪರಿಚಿತ ಕುಟುಂಬಗಳ ತಿಂಗಳ ಕಾಣಿಕೆ, ಮನೆ ಮತ್ತು ಕೆಲಸದ ಪರ್ಮಿಟ್ ಅಲ್ಲಿಯ ಸಭೆಯದ್ದು. ಹಿಂದೆ ಮಿಷನರಿ ಮಕ್ಕಳ ಓದಿಗೆ ಸಮುದ್ರವೇ ಅಡ್ಡ. ನಮ್ಮ ಶಾಸನಗಳನ್ನು ಸಂಗ್ರಹಿಸಿದ ಲೂಯಿಸ್ ರೈಸ್ ಕೂಡ ಬೆಂಗಳೂರಲ್ಲಿ 1837ರಲ್ಲಿ ಮಿಷನರಿಯ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ವಾಪಸಾದವರು. ನಾವು ಮಕ್ಕಳನ್ನು ಬೇರೆ ಕಳಿಸುವುದಿಲ್ಲ ಅಂತ ಹಟ ಹಿಡಿದು ಊರ ಶಾಲೆಗೇ ಹಾಕಿದೆವು. ಕನ್ನಡ ಮನೆಯಲ್ಲಿ. ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆಯ ಅಂತರ, ಹಾಗಾಗಿ ನಮ್ಮ ಭಾನುವಾರ ಸಂಜೆ ಆರಕ್ಕೆ ಅಜ್ಜಿ ಊಟ ಮುಗಿಸಿ ಫೋನಿನಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಮಗಳು ಬೆಂಗಳೂರಿಗೆ ಬಂದ ಹೊಸತರಲ್ಲಿ ಅಪಾರ್ಟ್‌ಮೆಂಟಿನ ಬೆಲ್ ಒತ್ತದೆ ಬಾಗಿಲ ಮುಂದೆ ನಿಂತು "ಓದೀ" ಅಂತ ಕೂಗುತ್ತಿದ್ದಳು, ಮಲಾವಿಯಲ್ಲಿ ಒಳಗೆ ಬರಲೇ ಅಂತ ಕೇಳುವುದು ಹಾಗೆ. ಪಕ್ಕದ ಮನೆಯವರಿಗೆ ಅದು ಕನ್ನಡದ ಆಜ್ಞೆಯಾಗಿ ಕೇಳಿಸಿ, ಪಾಪ, ಅವರ ಮಗ ಪುಸ್ತಕ ಹಿಡಿದು ಕೂತದ್ದೂ ಉಂಟು.

2023ರ ಮಾರ್ಚಿನ ಫ್ರೆಡ್ಡಿ ಚಂಡಮಾರುತದಲ್ಲಿ ದಕ್ಷಿಣ ಮಲಾವಿಯಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿದರು. ನಾವು ಆ ಹೊತ್ತಿಗೆ ಅತ್ತೆಯ ಆರೈಕೆಗೆಂದು ಬೆಂಗಳೂರಿಗೆ ಬಂದಾಗಿತ್ತು. ಯಾವ ಮನೆ ಬಿತ್ತು, ಯಾರಿಗೆ ಹಿಟ್ಟು ಬೇಕು ಅನ್ನುವ ಪಟ್ಟಿ ಮಾಡಿದವರು ನಮ್ಮ ಗುಂಪಿನ ಹಿರಿಯರೇ. ನಮಗೆ ಸುದ್ದಿ ವಾಟ್ಸಾಪ್‌ನಲ್ಲಿ ಆಮೇಲೆ ಬಂತು, ಸಲಹೆಯನ್ನು ಯಾರೂ ಕೇಳಲಿಲ್ಲ. ಈಗ ಗುಂಪು ನಡೆಸುವವರು ಆ ಮೇಷ್ಟ್ರು. ಪುಸ್ತಕಗಳನ್ನು ಅಲ್ಲಿಯ ಭಾಷೆಯಾದ ಚಿಚೇವಾದಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಯೋಬನ ಪಾಠವನ್ನು ಅವರು ಎರಡರಷ್ಟು ಉದ್ದ ಮಾಡಿದ್ದಾರೆ, ನಾನು ಬರೆದಿದ್ದ ಪೀಠಿಕೆಯನ್ನು ಪೂರ್ತಿ ತೆಗೆದುಹಾಕಿದ್ದಾರೆ.