ಇಳಿಯದೆ ಮೇಲೆ ಹೋದ ವಿಮಾನ

ಇಪ್ಪತ್ತು ವರ್ಷದಿಂದ ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದೇನೆ. ದಾಳ ಉರುಳಿಸಿದರೆ ಆರು ಬೀಳುವ ಸಂಭವನೀಯತೆ ಎಷ್ಟು ಅಂತ ನೂರಾರು ಮಕ್ಕಳಿಂದ ಬರೆಸಿದ್ದೇನೆ. ಅಂಥ ನಾನು ಐವತ್ತು ದಾಟುವವರೆಗೆ ವಿಮಾನ ಹತ್ತಿರಲಿಲ್ಲ. ದುಡ್ಡಿನ ತೊಂದರೆ ಅಲ್ಲ. ಹೆದರಿಕೆ. ತುಳುವಿನಲ್ಲಿ ನಾವು ಪೋಡಿಗೆ ಅನ್ನುತ್ತೇವಲ್ಲ, ಅದೇ.

ನಮ್ಮ ಮನೆ ಕಾಪುವಿನಲ್ಲಿ. ಈ ಕಡೆ ವಿಮಾನ ಹತ್ತದವರು ಅಪರೂಪ. ಮನೆಗೊಬ್ಬರು ದುಬೈ, ಮಸ್ಕತ್, ಕುವೈತ್ ಅಂತ ಇದ್ದೇ ಇರುತ್ತಾರೆ. ನನ್ನ ತಮ್ಮನೂ ದುಬೈಯಲ್ಲಿದ್ದಾನೆ. "ಒಮ್ಮೆ ಬಾ ಅಕ್ಕ" ಅಂತ ಕರೆದು ಕರೆದು ಸಾಕಾಗಿ, ಆಮೇಲೆ ಕರೆಯುವುದನ್ನೇ ಬಿಟ್ಟ.

ನನ್ನ ಹೆದರಿಕೆಗೆ ತಾರೀಖು ಇದೆ. 2010ರ ಮೇ 22, ಶನಿವಾರ. ಬೇಸಿಗೆ ರಜೆ. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಯಜಮಾನರು ಟಿವಿ ಹಾಕಿದರು. ಮಂಗಳೂರು ವಿಮಾನ ನಿಲ್ದಾಣದ ಪಕ್ಕದ ಕೆಂಜಾರಿನ ಕಣಿವೆಯಿಂದ ಹೊಗೆ ಏಳುತ್ತಿತ್ತು. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಗುಡ್ಡದಿಂದ ಕೆಳಗೆ ಬಿದ್ದಿತ್ತು. ಒಳಗಿದ್ದವರು 166 ಜನ. ಉಳಿದವರು ಎಂಟೇ ಜನ. ಕಾವಲಿಯ ಮೇಲಿದ್ದ ದೋಸೆ ಕರಟಿ ಹೋಯಿತು. ತಮ್ಮ ಅದೇ ದಾರಿಯಲ್ಲಿ ವರ್ಷಕ್ಕೊಮ್ಮೆ ಬರುವವನು. ಅವತ್ತು ಅವನು ದುಬೈಯಲ್ಲೇ ಇದ್ದ, ಫೋನೂ ಎತ್ತಿದ. ಆದರೂ ನನ್ನೊಳಗೆ ಏನೋ ಗಟ್ಟಿಯಾಗಿ ಕೂತುಬಿಟ್ಟಿತು.

ಆಮೇಲೆ ಹದಿನಾಲ್ಕು ವರ್ಷ ಬಸ್ಸು, ರೈಲಿನಲ್ಲೇ ಕಳೆದೆ. ಅದೂ ಕೈಕೊಟ್ಟದ್ದು 2024ರ ಜುಲೈಯಲ್ಲಿ. ಬೆಂಗಳೂರಿನಲ್ಲಿ ಮಗಳು ಡೆಂಗಿಯಾಗಿ ಆಸ್ಪತ್ರೆ ಸೇರಿದಳು. ಎಡಕುಮೇರಿ ಹತ್ತಿರ ಹಳಿಯ ಬುಡದ ಮಣ್ಣು ಕುಸಿದು ರೈಲು ನಿಂತಿತ್ತು. ಶಿರಾಡಿಯಲ್ಲೂ ಗುಡ್ಡ ಜರಿಯುತ್ತಿತ್ತು. ಸುತ್ತಿ ಬಳಸಿ ಹದಿನಾರು ಗಂಟೆ ಪ್ರಯಾಣ ಮಾಡಿ ತಲುಪಿದೆ. ಮಗಳು ಏನೂ ಅನ್ನಲಿಲ್ಲ. ಪಕ್ಕದ ಮಂಚದವರ ತಾಯಿ ಮಾತ್ರ "ಮಂಗಳೂರಿಂದ ಒಂದು ಗಂಟೆಯ ಫ್ಲೈಟ್ ಉಂಟಲ್ಲ?" ಅಂದರು. ಆ ಮಾತು ಚುಚ್ಚಿತು.

ಮರುವರ್ಷ ಮಗಳಿಗೆ ಬಾಣಂತನ. ಅದೂ ಜುಲೈಯಲ್ಲೇ. ಈ ಸಲ ಹತ್ತಲೇಬೇಕು ಅಂತ ಆಯಿತು.

ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ಅಂಕಿ ಹಿಡಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅಂದರೆ ದಿನಕ್ಕೆ 460ಕ್ಕೂ ಜಾಸ್ತಿ. ಹೆದ್ದಾರಿ 66ರಲ್ಲಿ ದಿನಾ ಎಕ್ಸ್‌ಪ್ರೆಸ್ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವವರಿಗಿಂತ ವಿಮಾನದಲ್ಲಿ ಕೂತವರು ಎಷ್ಟೋ ಸುರಕ್ಷಿತ. ಲೆಕ್ಕ ಸರಿ, ಉತ್ತರವೂ ಸರಿ. ಹೊಟ್ಟೆ ಮಾತ್ರ ಕೇಳಲಿಲ್ಲ. ಹೆದರಿಕೆಗೆ ಲೆಕ್ಕ ಬರುವುದಿಲ್ಲ, ಸುಮ್ನೆ ಅದರ ಹತ್ತಿರ ವಾದ ಮಾಡಿ ಫಲವಿಲ್ಲ.

ಕೆಲಸಕ್ಕೆ ಬಂದದ್ದು ಯಜಮಾನರ ಐಡಿಯಾ. ಡಿಸೆಂಬರ್‌ನ ಒಂದು ಭಾನುವಾರ "ಬಾ, ಕಟೀಲಿಗೆ ಹೋಗಿ ಬರುವ" ಅಂತ ಕರೆದುಕೊಂಡು ಹೋದವರು, ದೇವಸ್ಥಾನದ ಊಟ ಆದ ಮೇಲೆ ಸ್ಕೂಟರನ್ನು ವಿಮಾನ ನಿಲ್ದಾಣ ಇರುವ ಬಜ್ಪೆ ಕಡೆಗೆ ತಿರುಗಿಸಿದರು. ಅದ್ಯಪಾಡಿ ಕಡೆಯ ಗುಡ್ಡದ ರಸ್ತೆಯಲ್ಲಿ ನಿಲ್ಲಿಸಿ, "ನೋಡುತ್ತಾ ಕೂತುಕೋ, ಹತ್ತುವುದು ಬೇಡ" ಅಂದರು. ಮೊದಲ ವಿಮಾನ ಬಂದಾಗ ನಾನು ಕಣ್ಣು ಮುಚ್ಚಿದೆ. ಎರಡನೆಯದಕ್ಕೆ ಒಂದು ಕಣ್ಣು ತೆರೆದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಆರು ಭಾನುವಾರ ಹೋಗಿದ್ದೆವು. ಚುರುಮುರಿ ಪೊಟ್ಟಣ ಹಿಡಿದುಕೊಂಡು, ಹಾಜರಿ ಪುಸ್ತಕದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದೆ. ಇಳಿದದ್ದು 41.

ನಮ್ಮದು ಟೇಬಲ್‌ಟಾಪ್ ರನ್‌ವೇ. ಗುಡ್ಡದ ತಲೆ ಚಪ್ಪಟೆ ಮಾಡಿ ಕಟ್ಟಿದ್ದು. ಈಗಿನ ದೊಡ್ಡ ರನ್‌ವೇ 2450 ಮೀಟರ್ ಉದ್ದ. ಅದು ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು 1615 ಮೀಟರಿನ ಹಳೆಯದರಲ್ಲೇ ಜೆಟ್ ವಿಮಾನಗಳು ಇಳಿಯುತ್ತಿದ್ದವು. ನಮ್ಮವರು ಮುಂಬಯಿಗೆ ಅದರಲ್ಲೇ ಹೋಗಿ ಬರುತ್ತಿದ್ದರು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ನೋಡುತ್ತಾ ನೋಡುತ್ತಾ 2010ರ ತನಿಖೆಯಲ್ಲಿ ಏನು ಹೇಳಿದ್ದಾರೆ ಅಂತ ಓದುವ ಧೈರ್ಯ ಬಂತು. ಅಷ್ಟು ವರ್ಷ ನಾನು ಬೈಯುತ್ತಿದ್ದದ್ದು ಗುಡ್ಡವನ್ನು. ಓದಿದಾಗ ಗೊತ್ತಾಯಿತು, ಅವತ್ತು ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬಂದಿತ್ತು. 2450 ಮೀಟರಿನಲ್ಲಿ ಸುಮಾರು 1600 ಮೀಟರ್ ದಾಟಿದ ಮೇಲೆ ಅದು ನೆಲ ಮುಟ್ಟಿತ್ತು. ಉಳಿದದ್ದು ಮೂರರಲ್ಲಿ ಒಂದು ಪಾಲು. ಇಳಿಸುವುದು ಬೇಡ, ಮೇಲೆ ಹೋಗುವ ಅಂತ ಪಕ್ಕದಲ್ಲಿದ್ದ ಸಹ ಪೈಲಟ್ ಹೇಳಿದ್ದರು. ಅವರ ಮಾತು ನಡೆಯಲಿಲ್ಲ. ಆ ಸಾಲನ್ನು ನಾನು ಮೂರು ಸಲ ಓದಿದೆ.

ಮೇಯಲ್ಲಿ ಟಿಕೆಟ್ ತೆಗೆದೆ. ಜೂನ್ 12ಕ್ಕೆ ಅಹಮದಾಬಾದಿನ ಸುದ್ದಿ ಬಂತು. ವಿಮಾನದಲ್ಲಿದ್ದ 242 ಜನರಲ್ಲಿ 241 ಜನ ಹೋದರು. ಮತ್ತೆ ಅದೇ ಟಿವಿ, ಅದೇ ಹೊಗೆ. 41 ಲ್ಯಾಂಡಿಂಗ್ ಎಣಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಟಿಕೆಟ್ ರದ್ದು ಮಾಡಿ ಅಂದೆ. ಯಜಮಾನರು ಹೂಂ ಅಂದರು, ಮಾಡಲಿಲ್ಲ.

ಬದಲಿಗೆ ಜೂನ್ ಕೊನೆಯ ಭಾನುವಾರ ಮತ್ತೆ ಗುಡ್ಡಕ್ಕೆ ಕರೆದುಕೊಂಡು ಹೋದರು. ಧೋ ಅಂತ ಮಳೆ. ಒಂದು ಕೊಡೆಯಡಿ ಇಬ್ಬರು ನಿಂತಿದ್ದೆವು. ಮೋಡದೊಳಗಿಂದ ಎರಡು ದೀಪ ಕಂಡವು. ಚಕ್ರ ಇಳಿಬಿಟ್ಟುಕೊಂಡು ವಿಮಾನ ಬಂತು. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಜೋರಾಗಿ ಮೊರೆದು, ಮೂತಿ ಎತ್ತಿ, ಚಕ್ರ ಮಡಚಿಕೊಂಡು ಮತ್ತೆ ಮೋಡದೊಳಗೆ ಹೋಗಿಬಿಟ್ಟಿತು. "ಅಯ್ಯೋ ದೇವರೇ, ಎಂತಾಯ್ತು?" ಅಂತ ನಾನು ಕೊಡೆ ಬಿಟ್ಟೆ. ಯಜಮಾನರು ನೆನೆಯುತ್ತಾ ನಿಂತು ಹೇಳಿದರು, "ಅದೇ ಮಾರಾಯ್ತಿ, ಅವತ್ತು ಮಾಡದೆ ಬಿಟ್ಟದ್ದು."

ಗೋ ಅರೌಂಡ್ ಅನ್ನುತ್ತಾರೆ ಅದಕ್ಕೆ. ಇಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಜಾರು, ಚಕ್ರ, ರೆಕ್ಕೆಯ ಫ್ಲಾಪ್ ಎಲ್ಲ ಸರಿಯಾಗಿರಬೇಕು ಅಂತ ಲೆಕ್ಕ ಇದೆ. ಒಂದು ತಪ್ಪಿದರೂ ಮೇಲೆ ಹೋಗಬೇಕು. ಮಳೆಯಲ್ಲಿ ನಿಗದಿಯಾದ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ಆಗಲೂ ಹಾಗೆಯೇ. ಇದು ಅವಘಡ ಅಲ್ಲ, ಪೈಲಟ್‌ಗಳು ಮತ್ತೆ ಮತ್ತೆ ಅಭ್ಯಾಸ ಮಾಡುವ ಕೆಲಸ. ಬೇರೆ ಊರಿಗೆ ಹೋಗಿ ಇಳಿಯುವಷ್ಟು, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು ಇಂಧನ ಇಟ್ಟುಕೊಂಡೇ ಹೊರಟಿರುತ್ತಾರೆ. ಹದಿನೆಂಟು ನಿಮಿಷದ ನಂತರ ಅದೇ ವಿಮಾನ ಮತ್ತೆ ಬಂತು, ಇಳಿಯಿತು. ನೋಟ್‌ಬುಕ್ಕಿನಲ್ಲಿ 42 ಅಂತ ಬರೆದೆ. ಹಾಳೆ ಒದ್ದೆಯಾಗಿತ್ತು. ಟಿಕೆಟ್ ವಿಷಯ ಮತ್ತೆ ಎತ್ತಲಿಲ್ಲ.

ಹತ್ತುವ ಮೊದಲು ಇನ್ನೊಂದು ಕೆಲಸ ಮಾಡಿದೆ. ವಿಮಾನ ಏನೇನು ಸದ್ದು ಮಾಡುತ್ತದೆ ಅಂತ ಮೊದಲೇ ತಿಳಿದುಕೊಂಡೆ. ಇದು ನನಗೆ ಅಂಕಿಗಿಂತ ಹತ್ತು ಪಾಲು ಉಪಕಾರ ಮಾಡಿತು. ಏರ್‌ಬಸ್ 320 ಹೊರಡುವ ಮೊದಲು ಕಾಲಬುಡದಲ್ಲಿ ನಾಯಿ ಬೊಗಳಿದ ಹಾಗೆ, ಗರಗಸ ಎಳೆದ ಹಾಗೆ ಸದ್ದು ಬರುತ್ತದೆ. ಅದು ಹೈಡ್ರಾಲಿಕ್ ಪಂಪಿನದು. ನೆಲ ಬಿಟ್ಟ ಕೂಡಲೇ ಧಡ್ ಅಂದರೆ ಚಕ್ರ ಒಳಗೆ ಹೋಯಿತು ಅಂತ. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಕಡಿಮೆಯಾಗಿ, ಬೀಳುತ್ತಿದ್ದೇವೆ ಅನಿಸುತ್ತದೆ. ಬೀಳುವುದಿಲ್ಲ, ಏರುವುದಕ್ಕೆ ಅಷ್ಟು ಜೋರು ಬೇಡ ಅಂತ ಎಂಜಿನ್ ತಗ್ಗಿಸಿರುತ್ತಾರೆ, ಅಷ್ಟೆ. ಒದ್ದೆ ರನ್‌ವೇಯಲ್ಲಿ ಧೊಪ್ ಅಂತ ಇಳಿಸಿದರೆ ಪೈಲಟನ್ನು ಬೈಯಬೇಡಿ. ಚಕ್ರ ನೀರಿನ ಮೇಲೆ ಜಾರದೆ ನೆಲ ಹಿಡಿಯಲಿ ಅಂತ ಬೇಕೆಂದೇ ಗಟ್ಟಿಯಾಗಿ ಇಳಿಸುತ್ತಾರೆ.

ಹೋಗುವ ದಿನ ರೆಕ್ಕೆಯ ಮೇಲಿನ ಸಾಲಿನಲ್ಲಿ, ನಡುದಾರಿ ಪಕ್ಕದ ಸೀಟು ತೆಗೆದುಕೊಂಡಿದ್ದೆ. ಅಲ್ಲಿ ಕುಲುಕಾಟ ಕಡಿಮೆ. ಹತ್ತುವಾಗಲೇ ಗಗನಸಖಿಗೆ "ಮೊದಲ ಸಲ, ಹೆದರಿಕೆ ಉಂಟು" ಅಂದೆ. ನಾಚಿಕೆ ಆಯಿತು. ಆದರೆ ಆ ಹುಡುಗಿ ಮಧ್ಯೆ ಎರಡು ಸಲ ಬಂದು ಮುಖ ನೋಡಿ ಹೋದಳು. ಉಸಿರನ್ನು ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ ಬಿಡುತ್ತಾ ಕೂತೆ. ಎಣಿಸುವುದು ನನ್ನ ಕಸುಬು ತಾನೆ. ಘಟ್ಟದ ಮೇಲೆ ಕುಲುಕಿತು. ಆಗ ಅರ್ಧ ನೀರಿದ್ದ ಬಾಟಲಿಯನ್ನು ಮುಂದಿನ ತಟ್ಟೆಯ ಮೇಲೆ ಇಟ್ಟುಕೊಂಡು ನೋಡಿದೆ. ಹತ್ತಾರು ಅಡಿ ಕೆಳಗೆ ಬಿದ್ದೆವು ಅಂತ ನನಗೆ ಅನಿಸಿದಾಗಲೂ ನೀರು ಒಂದು ಬೆರಳಿನಷ್ಟೂ ಏರಿಳಿಯಲಿಲ್ಲ. ಶಿರಾಡಿಯ ಹೊಂಡದಲ್ಲಿ ಅದೇ ಬಾಟಲಿ ಸೀಟಿನಡಿ ಉರುಳಿಹೋಗಿರುತ್ತಿತ್ತು. ರೆಕ್ಕೆ ಬಳುಕುವುದು ಕಂಡಿತು. ಬಳುಕಲಿ ಅಂತಲೇ ಅದನ್ನು ಮಾಡಿರುವುದು. 2010ರಲ್ಲೇ ಬೋಯಿಂಗ್ 787ರ ರೆಕ್ಕೆಯನ್ನು ಪರೀಕ್ಷೆಗೆ ಅಂತ ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿದ್ದರು, ಮುರಿದಿರಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಹದಿನೆಂಟು ದಿನ ಇದ್ದು ವಾಪಸು ಹೊರಟೆ.

ಮಂಗಳೂರು ಹತ್ತಿರ ಬರುವಾಗ ಕಿಟಕಿಯ ಹೊರಗೆ ಬರೀ ಬಿಳಿ. ಆಮೇಲೆ ಒಮ್ಮೆಗೇ ತೆಂಗಿನ ತೋಟ, ಕೆಂಪು ಹೆಂಚಿನ ಮಾಡುಗಳು ಕಂಡವು. ಮತ್ತೆ ಬಿಳಿ. ಎಂಜಿನ್ ಮೊರೆಯಿತು. ಬೆನ್ನು ಸೀಟಿಗೆ ಒತ್ತಿತು. ಕಾಲಡಿ ಧಡ್. ಯಾರೋ "ನಾರಾಯಣ" ಅಂದರು, ಹಿಂದೆ ಒಂದು ಮಗು ಅತ್ತಿತು. ಕಿಟಕಿ ಪಕ್ಕದ ಹುಡುಗ, ಇಪ್ಪತ್ತೈದು ಇರಬಹುದು, ದೊಡ್ಡ ಹೆಡ್‌ಫೋನ್ ಹಾಕಿಕೊಂಡಿದ್ದವನು, ಅದನ್ನು ಕಿತ್ತು ನನ್ನ ಮುಖ ನೋಡಿದ. "ಆಂಟಿ, ಎಂತಾಯ್ತು? ಇಳೀಲಿಲ್ವಲ್ಲ?"

ನನ್ನ ಕೈ ಬೆವರಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಂದ ಬಂದದ್ದು ಪಾಠ ಮಾಡುವ ಧ್ವನಿ. "ರನ್‌ವೇ ಕಂಡಿರಲಿಕ್ಕಿಲ್ಲ. ಕಾಣದಿದ್ದರೆ ಇಳಿಸಬಾರದು. ಈಗ ಒಂದು ಸುತ್ತು ಹೊಡೆದು ಬರುತ್ತಾರೆ. ಪೈಲಟ್ ಈಗ ಮಾತಾಡುವುದಿಲ್ಲ, ಕೆಲಸದಲ್ಲಿರುತ್ತಾರೆ. ಐದು ನಿಮಿಷ ಬಿಟ್ಟು ಹೇಳುತ್ತಾರೆ." ಐದು ನಿಮಿಷ ಬಿಟ್ಟು ಪೈಲಟ್ ಅದನ್ನೇ ಹೇಳಿದರು. ಆ ಹುಡುಗ ನನ್ನನ್ನು ಯಾವುದೋ ಏರ್‌ಲೈನ್ಸಿನಿಂದ ರಿಟೈರ್ ಆದವಳು ಅಂದುಕೊಂಡಿರಬೇಕು. ತಿದ್ದಲು ಹೋಗಲಿಲ್ಲ. ಎರಡನೇ ಸಲ ಧೊಪ್ ಅಂತ ಇಳಿದೆವು.

ಹೊರಗೆ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಕಟೀಲಿನಲ್ಲಿ ಕಾರು ನಿಲ್ಲಿಸಿ ಕೈಮುಗಿದೆವು. ರಾತ್ರಿ ತಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಕ್ಕ. ಎಷ್ಟೋ ವರ್ಷದ ಮೇಲೆ ಮತ್ತೆ ಕೇಳಿದ, "ಹಾಗಾದರೆ ಇಲ್ಲಿಗೆ ಯಾವಾಗ ಬರುತ್ತೀ ಅಕ್ಕ?"

ಪಾಸ್‌ಪೋರ್ಟಿನ ಅವಧಿ ಮುಗಿದು ಮೂರು ವರ್ಷ ಆಯಿತು ಮಾರಾಯ ಅಂದೆ. ಅದು ಸುಳ್ಳಲ್ಲ.