ರಾಯಚೂರಿನ ಹುಡುಗರ ಪ್ರಶ್ನೆಗೆ ಉತ್ತರ ಬರತೊಡಗಿದ್ದು ಹೇಗೆ: ನನ್ನ ಅನುಭವ

"ಇಲ್ಲಿ ಕೂತು ಫೈರ್‌ಫಾಕ್ಸ್‌ಗೆ ಪ್ಯಾಚ್ ಹಾಕ್ತಾರಂತ!" ಅಂದವರಿದ್ದರು. ಫೈರ್‌ಫಾಕ್ಸ್ ಎಲ್ಲರಿಗೂ ಕೋಡ್ ತೆರೆದಿಟ್ಟ ವೆಬ್ ಬ್ರೌಸರ್; ಪ್ಯಾಚ್ ಎಂದರೆ ಆ ಕೋಡ್‌ಗೆ ಕಳಿಸುವ ತಿದ್ದುಪಡಿ. ನಾನು ಹೇಳಿಕೊಡುವ ರಾಯಚೂರಿನ ವಿದ್ಯಾರ್ಥಿಗಳ ಆರೇಳು ಪ್ಯಾಚ್ ಈಗ ಅದರಲ್ಲಿ ಸೇರಿವೆ. ಕೋಡ್ ಅವರಿಗೆ ಮೊದಲೇ ಬರುತ್ತಿತ್ತು. ಬಾರದಿದ್ದದ್ದು ಸಹಾಯ ಕೇಳುವುದು.

ಮೊದಲ ಸುತ್ತಿನಲ್ಲಿ ಫೈರ್‌ಫಾಕ್ಸ್ ಡೆವಲಪರ್‌ಗಳಿಗೆ ಇಪ್ಪತ್ತರಷ್ಟು ಸಂದೇಶ ಹೋದವು, ಉತ್ತರ ಬಂದದ್ದು ಮೂರಕ್ಕೋ ನಾಲ್ಕಕ್ಕೋ. "ಹಲೋ ಸರ್, ನಾನು ಹೊಸಬ, ದಾರಿ ತೋರಿಸಿ" ಎಂದಷ್ಟೇ ಬರೆದು, ಅದನ್ನೂ ಒಬ್ಬರ ಖಾಸಗಿ ಇನ್‌ಬಾಕ್ಸ್‌ಗೆ ಹಾಕಿದ್ದರು. ಅವರು ರಜೆಯಲ್ಲಿದ್ದರೆ ಪ್ರಶ್ನೆ ಅಲ್ಲೇ ಸತ್ತಿತು. ಎಲ್ಲರಿಗೂ ಕಾಣುವ ಚಾಟ್ ಚಾನೆಲ್‌ನಲ್ಲಿ ಹಾಕಿದರೆ ಬೇರೆ ಯಾರಾದರೂ ಎತ್ತಿಕೊಳ್ಳುತ್ತಾರೆ. "ಸರ್" ಬಿಡಿಸಲು ವಾರಗಟ್ಟಲೆ ಹಿಡಿಯಿತು; ಅಲ್ಲಿ ಹೆಸರು ಹಿಡಿದು ಕರೆಯುವುದೇ ರೂಢಿ, ಉತ್ತರಿಸುವವರು ಎಷ್ಟೋ ಸಲ ಹೆಣ್ಣುಮಕ್ಕಳು. "ಈ ಬಗ್ ನನಗೆ ಕೊಡಿ" ಎಂದು ದೋಷವೊಂದನ್ನು ತಿದ್ದುವ ಕೆಲಸ ಬೇಡುವುದೂ ಬೇಡ. ಹೊಸಬರಿಗೆಂದು ಗುರುತಿಸಿದ ಬಗ್ ಆದರೆ ಮೊದಲ ಪ್ಯಾಚ್ ಕಳಿಸಿದ ಮೇಲೆ ಅದು ನಿಮ್ಮ ಹೆಸರಿಗೆ ಬರುತ್ತದೆ.

ಈಗ ಬರೆಸುವುದು ಹೀಗೆ: ಯಾವ ಕಮಾಂಡ್ ಓಡಿಸಿದೆ, ಏನಾಗಬೇಕಿತ್ತು, ಏನಾಯಿತು, ಆಗಲೇ ಯಾವ ಎರಡು ದಾರಿ ನೋಡಿದೆ, ಜೊತೆಗೆ ಓಎಸ್, ರ‍್ಯಾಮ್, ಕಮಿಟ್ ಸಂಖ್ಯೆ (ಕೋಡ್‌ನ ಯಾವ ಆವೃತ್ತಿ ಎಂಬ ಗುರುತು). ಲಾಗ್ (ಕಮಾಂಡ್ ಓಡುವಾಗ ಪರದೆಯಲ್ಲಿ ಮೂಡುವ ಸಾಲುಗಳು) ಪಠ್ಯವಾಗಿಯೇ ಇರಬೇಕು, ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ನಡೆಯದು. ಕೊನೆಯ ಸಾಲನ್ನಲ್ಲ, ಮೊದಲ ಎರರ್ ಹಾಕಿ. ಬಿಲ್ಡ್‌ನ (ಕೋಡ್‌ನಿಂದ ಬ್ರೌಸರ್ ಕಟ್ಟುವ ಕ್ರಿಯೆಯ) ಕೆಲಸಗಳು ಒಟ್ಟೊಟ್ಟಿಗೆ ಓಡುವುದರಿಂದ ನಿಜವಾದ ತಪ್ಪು ಎಷ್ಟೋ ಸಲ ನೂರಾರು ಸಾಲು ಮೇಲೆ ಹೂತಿರುತ್ತದೆ. ಬರೀ "ಕಿಲ್ಡ್" ಎಂದಿದ್ದರೆ ಕೋಡ್ ಹುಡುಕಬೇಡಿ. ಬಹುತೇಕ ರ‍್ಯಾಮ್ ಸಾಲದೆ ಓಎಸ್‌ನ ತಿರುಳಾದ ಕರ್ನಲ್, ಬಿಲ್ಡ್ ಮಾಡುವ ಕಂಪೈಲರನ್ನು ನಿಲ್ಲಿಸಿರುತ್ತದೆ.

ದುಡ್ಡು ಹೋದದ್ದು ಇಲ್ಲೇ. 4 ಜಿಬಿ ಲ್ಯಾಪ್‌ಟಾಪ್‌ಗಳಿಗೆ ತಲಾ ಎರಡು ಸಾವಿರದಂತೆ ರ‍್ಯಾಮ್ ಹಾಕಿಸಿದೆವು. ಮೊದಲೇ ಕಂಪೈಲ್ ಆದ ಭಾಗಗಳನ್ನು ಇಳಿಸಿಕೊಳ್ಳುವ ಆರ್ಟಿಫ್ಯಾಕ್ಟ್ ಬಿಲ್ಡ್ ಮೊದಲೇ ಹಿಡಿದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಬದಲಾವಣೆಗೆ ಅದು ಸಾಕು. ಸಿ++, ರಸ್ಟ್ ಮುಟ್ಟಿದರೆ ಪೂರ್ತಿ ಬಿಲ್ಡ್ ಬೇಕೇ ಬೇಕು. ಗಿಟ್ ಎಂಬ ಸಾಧನದಿಂದ ಕೋಡನ್ನು ಅದರ ಇತಿಹಾಸದ ಸಮೇತ ಇಳಿಸಿಕೊಳ್ಳುವ ಕ್ಲೋನ್ ಇನ್ನೊಂದು ಗೋಳು. ಬೇಸಿಗೆಯಲ್ಲಿ ಕರೆಂಟ್ ಹೋಗಿ ರೂಟರ್ ಆರಿದರೆ ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಸೊನ್ನೆಯಿಂದ ಶುರು. ದಿನದ ಡೇಟಾ ಪ್ಯಾಕ್ ಅಷ್ಟಕ್ಕೇ ಮುಗಿಯುತ್ತದೆ. ಡೆಪ್ತ್ 1 ಹಾಕಿ ಕೊನೆಯ ಆವೃತ್ತಿಯನ್ನಷ್ಟೇ ಇಳಿಸಿ, ಇತಿಹಾಸವನ್ನು ಆಮೇಲೆ ತುಂಡು ತುಂಡಾಗಿ ತರಿಸಿಕೊಳ್ಳಿ.

ಕೇಳುವ ಹೊತ್ತೂ ಮುಖ್ಯ. ಅಲ್ಲಿನ ಬೇಸಿಗೆಯಲ್ಲಿ, ಉತ್ತರಿಸುವ ಕೆಲವರು ಇರುವ ಬರ್ಲಿನ್ ನಮಗಿಂತ 3.5 ತಾಸು ಹಿಂದೆ, ಚಳಿಗಾಲದಲ್ಲಿ 4.5. ಊಟ ಮುಗಿಸಿ ಮಧ್ಯಾಹ್ನ 2ಕ್ಕೆ ಹಾಕಿದರೆ ಅಲ್ಲಿಯವರು ಕೆಲಸಕ್ಕೆ ಕೂತಿರುತ್ತಾರೆ. ವಾರ ಕಳೆದರೂ ಸದ್ದಿಲ್ಲವೇ? ಬಗ್‌ಗಳ ಪಟ್ಟಿ ಇರುವ ಬಗ್‌ಝಿಲ್ಲಾ ತಾಣದಲ್ಲಿ ಆ ಬಗ್‌ಗೆ ದಾರಿ ತೋರಿಸುವ ಮೆಂಟರ್ ಹೆಸರಿಗೆ ನೀಡ್‌ಇನ್ಫೋ (ಉತ್ತರ ಬೇಕೆಂಬ ಗುರುತು) ಹಾಕಿ, ಒಂದೇ ಸಲ.

ನಡುವೆ ಕನ್ನಡ ಅಕ್ಷರ ಒಡೆಯುವ ಬಗ್‌ಗಳನ್ನೂ ಬರೆಸಿ ನೋಡಿದೆವು. "ರ‍್ಯಾಂಕ್" ಸರಿಯಾಗಿ ಮೂಡಬೇಕಾದರೆ ರ ಮತ್ತು ಹಲಂತದ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಅಕ್ಷರ ಇರಬೇಕು. ಅದು ಉದುರಿದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಇಲ್ಲಿ ಮಾತ್ರ ಪಠ್ಯವೊಂದೇ ಸಾಲದು. ಕನ್ನಡ ಓದಲಾರದವರಿಗೆ ಸರಿ, ತಪ್ಪು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು, ಕೆಳಗೆ ಪ್ರತಿ ಅಕ್ಷರವನ್ನು ಕಂಪ್ಯೂಟರ್ ಗುರುತಿಸುವ ಯೂನಿಕೋಡ್ ಸಂಖ್ಯೆಗಳನ್ನು ಸಾಲಾಗಿ ಬರೆದೆವು. ಮರುದಿನವೇ ಉತ್ತರ ಬಂತು.